ನೀವು ಕೇಳಿದಿರಿ: ಎಂಥ ಹಾಸಿಗೆ, ಎಷ್ಟು ಎತ್ತರದ ದಿಂಬು?

ಹೋದ ಸಂಚಿಕೆಯಲ್ಲಿ ನಿದ್ದೆ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹಾಸಿಗೆ, ದಿಂಬು, ಹೊದಿಕೆಯದ್ದೇ. "ಯಾವ ಕಂಪನಿಯದು ತಗೊಳ್ಳಲಿ, ಅಷ್ಟು ಹೇಳಿ ಸಾಕು" ಎಂದು ಬಹಳ ಜನ ಕೇಳಿದ್ದೀರಿ. ಕಂಪನಿ ಹೆಸರು ಹೇಳುವುದಿಲ್ಲ. ಒಂದೇ ಕಂಪನಿಯ ಅಂಗಡಿಯಲ್ಲಿ ಒಳ್ಳೆಯದೂ ಇರುತ್ತದೆ, ನಿಮಗೆ ಆಗಿಬರದೇ ಇರುವುದೂ ಇರುತ್ತದೆ. ನಿಮ್ಮ ಮೈ ತೂಕ ಎಷ್ಟು, ಹೇಗೆ ಮಲಗುತ್ತೀರಿ, ಊರಿನ ಹವೆ ಎಂಥದ್ದು, ಹಾಸಿಗೆಯನ್ನು ಒಣಗಿಸಲು ಮನೆಯಲ್ಲಿ ಜಾಗ ಇದೆಯಾ, ಇವುಗಳನ್ನು ಮೊದಲು ನೋಡಿಕೊಳ್ಳಿ. ಬೆಲೆಪಟ್ಟಿ ಆಮೇಲೆ ನೋಡೋಣ.

ನನಗೆ 52 ವರ್ಷ. ಬೆಳಿಗ್ಗೆ ಎದ್ದಾಗ ಸೊಂಟ ಹಿಡಿದುಕೊಂಡಿರುತ್ತದೆ, ಅರ್ಧ ಗಂಟೆ ಓಡಾಡಿದ ಮೇಲೆ ಸರಿಹೋಗುತ್ತದೆ. ಅಂಗಡಿಯವರು ಗಟ್ಟಿ "ಆರ್ಥೋಪೆಡಿಕ್" ಹಾಸಿಗೆಯೇ ಬೇಕು ಅಂದರು. ಪಕ್ಕದ ಮನೆಯವರು ನೆಲದ ಮೇಲೆ ಚಾಪೆ ಹಾಸಿ ಮಲಗಿ ಅಂತಾರೆ. ಯಾರ ಮಾತು ಕೇಳಲಿ ಮೇಡಂ?
— ಗೃಹಿಣಿ, ದಾವಣಗೆರೆ

ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಡಿ. ಸೊಂಟನೋವಿಗೆ ಹಾಸಿಗೆ ಎಷ್ಟು ಗಟ್ಟಿ ಇದ್ದರೆ ಅಷ್ಟು ಒಳ್ಳೆಯದು ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಡಾಕ್ಟರುಗಳೂ ಬಹಳ ವರ್ಷ ಹಾಗೇ ಹೇಳುತ್ತಿದ್ದರು. ಆದರೆ 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂತು. ಬಹಳ ದಿನದಿಂದ ಸೊಂಟನೋವು ಇದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಲಗಿದ್ದಾಗಿನ ನೋವು, ಏಳುವಾಗಿನ ನೋವು, ದಿನದ ಓಡಾಟದ ಕಷ್ಟ, ಎಲ್ಲದರಲ್ಲೂ ಮಧ್ಯಮ ಗಟ್ಟಿಯ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು.

ಕಾರಣ ನಿಮ್ಮ ಮೈಯಲ್ಲೇ ಇದೆ. ಬೆನ್ನು ಹಲಗೆಯ ಹಾಗೆ ನೇರ ಇಲ್ಲ. ಭುಜ, ಪೃಷ್ಠ ಹೊರಗೆ ಬಂದಿರುತ್ತವೆ, ಸೊಂಟದ ಹತ್ತಿರ ಒಳಗೆ ಬಾಗಿರುತ್ತದೆ. ತೀರಾ ಗಟ್ಟಿ ಹಾಸಿಗೆಯಲ್ಲಿ ಸೊಂಟದ ಕೆಳಗೆ ಖಾಲಿ ಉಳಿದು ಅಲ್ಲಿನ ಸ್ನಾಯು ರಾತ್ರಿಯಿಡೀ ಬಿಗಿಯಾಗಿಯೇ ಇರುತ್ತದೆ. ತೀರಾ ಮೆತ್ತಗಿದ್ದರೆ ಪೃಷ್ಠ ಕುಸಿದು ಬೆನ್ನು ಬಾಗುತ್ತದೆ. ಅಂಗಡಿಯಲ್ಲಿ ನಾಚಿಕೊಳ್ಳಬೇಡಿ, ಚಪ್ಪಲಿ ಬಿಟ್ಟು ಅಂಗಾತ ಮಲಗಿ. ಜೊತೆಗೆ ಬಂದವರಿಗೆ ನಿಮ್ಮ ಸೊಂಟದ ಕೆಳಗೆ ಅಂಗೈ ತೂರಿಸಲು ಹೇಳಿ. ಕೈ ಸಲೀಸಾಗಿ ಆಚೆ ಈಚೆ ಹೋದರೆ ಆ ಹಾಸಿಗೆ ನಿಮಗೆ ಜಾಸ್ತಿ ಗಟ್ಟಿ. ಒಳಗೇ ಹೋಗಲಿಲ್ಲ ಎಂದರೆ ಜಾಸ್ತಿ ಮೆತ್ತಗೆ. ಸ್ವಲ್ಪ ಒತ್ತಿಕೊಂಡು ಹೋಗಬೇಕು. ಆಮೇಲೆ ನೀವು ರಾತ್ರಿ ಮಲಗುವ ಮಗ್ಗುಲಿಗೆ ತಿರುಗಿ ಹತ್ತು ನಿಮಿಷ ಹಾಗೇ ಇರಿ. ಭುಜ ಜೋಮು ಹಿಡಿದ ಹಾಗಾದರೆ ಅದು ಬೇಡ. ಒಂದೇ ಹಾಸಿಗೆ 50 ಕೆ.ಜಿ.ಯವರಿಗೆ ಗಟ್ಟಿ, 90 ಕೆ.ಜಿ.ಯವರಿಗೆ ಮೆತ್ತಗೆ ಅನ್ನಿಸುತ್ತದೆ. ಅದಕ್ಕೇ ನೆಂಟರ ಮನೆಯ ಹಾಸಿಗೆ ಚೆನ್ನಾಗಿದೆ ಎಂದು ಅದನ್ನೇ ತರಬೇಡಿ.

"ಆರ್ಥೋ" ಎನ್ನುವುದು ತಯಾರಕರು ಇಟ್ಟುಕೊಳ್ಳುವ ಹೆಸರು. ಯಾವ ಮೂಳೆ ಡಾಕ್ಟರೂ ಅದನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿರಬೇಕು ಅಂತೇನಿಲ್ಲ. ಆ ಪದಕ್ಕೆ ಎರಡು ಸಾವಿರ ಜಾಸ್ತಿ ಕೊಡುವ ಬದಲು ಫೋಮಿನ ಡೆನ್ಸಿಟಿ ಎಷ್ಟು ಎಂದು ಕೇಳಿ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬ ಲೆಕ್ಕ. ಅದು ಗಟ್ಟಿತನದ ಅಳತೆ ಅಲ್ಲ, ಬಾಳಿಕೆಯ ಅಳತೆ. ದಿನವೂ ಮಲಗುವ ಹಾಸಿಗೆಗೆ 32ಕ್ಕಿಂತ ಕಡಿಮೆ ಬೇಡ, 40 ಇದ್ದರೆ ಒಳ್ಳೆಯದು. ಅಂಗಡಿಯವರ ಮಾತು ನಂಬಿಕೆ ಬರಲಿಲ್ಲವಾ, ತೂಕಕ್ಕೆ ಹಾಕಿಸಿ. 72 ಇಂಚು ಉದ್ದ, 36 ಇಂಚು ಅಗಲ, 4 ಇಂಚು ದಪ್ಪದ 40 ಡೆನ್ಸಿಟಿ ಫೋಮ್, ಕವರ್ ಬಿಟ್ಟು, ಸುಮಾರು 6.8 ಕೆ.ಜಿ. ತೂಗಬೇಕು. 32 ಆದರೆ ಸುಮಾರು 5.4. ನಾಲ್ಕು ಕೆ.ಜಿ. ಬಂತೆಂದರೆ ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು.

ನೆಲದ ಮೇಲೆ ಮಲಗಿ ಅಭ್ಯಾಸ ಇದ್ದು, ಬೆಳಿಗ್ಗೆ ಆರಾಮ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಮಂಡಿನೋವೂ ಇದ್ದರೆ ನೆಲದಿಂದ ಏಳುವಾಗಲೇ ಸೊಂಟ ಉಳುಕುತ್ತದೆ. ಇನ್ನೊಂದು ಮಾತು. ನೋವು ಕಾಲಿಗೆ ಇಳಿಯುತ್ತಿದೆ, ಕಾಲು ಮರಗಟ್ಟುತ್ತಿದೆ, ರಾತ್ರಿ ನೋವಿಗೆ ಎಚ್ಚರ ಆಗುತ್ತದೆ, ಜ್ವರ ಬರುತ್ತಿದೆ ಎಂದರೆ ಹಾಸಿಗೆ ಅಂಗಡಿಗಿಂತ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಮೂತ್ರ ಹಿಡಿತಕ್ಕೆ ಸಿಗದ ಹಾಗಾದರೆ ಅವತ್ತೇ ಹೋಗಿ.

ನಮ್ಮದು ತೀರ್ಥಹಳ್ಳಿ ಕಡೆ. ಮದುವೆಯಲ್ಲಿ ತವರಿನಿಂದ ಬಂದ ಎರಡು ಹತ್ತಿ ಹಾಸಿಗೆ ಇವೆ. ಮಳೆಗಾಲ ಬಂತೆಂದರೆ ಮುಗ್ಗಲು ವಾಸನೆ, ಗಂಟು ಗಂಟು ಬೇರೆ. ಇವನ್ನು ಎಸೆದು ಫೋಮ್ ತಗೊಳ್ಳೋಣ ಅಂತ ಮಗ ಹಟ ಮಾಡ್ತಾನೆ. ನನಗೆ ಮನಸ್ಸಿಲ್ಲ.
— ತೀರ್ಥಹಳ್ಳಿಯ ಓದುಗರು

ಎಸೆಯಬೇಡಿ. ಆ ಅರಳೆಗೆ ಇನ್ನೂ ಬಹಳ ಆಯುಷ್ಯ ಇದೆ.

ಹತ್ತಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸಾಧಾರಣ ಹವೆಯಲ್ಲೇ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹಿಡಿದಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಹಿಡಿಯುವುದಿಲ್ಲ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಅದರ ಮೇಲೆ ಮೈಬೆವರು ಬೇರೆ. ಆದರೆ ಬೇಸಿಗೆಯಲ್ಲಿ ಇದೇ ಗುಣದಿಂದ ಹತ್ತಿ ಹಾಸಿಗೆ ಬೆವರು ಕುಡಿದು ಮೈಯನ್ನು ಒಣಗಾಗಿ ಇಡುತ್ತದೆ. ಫೋಮ್ ತಂದರೂ ಮುಗ್ಗಲು ತಪ್ಪುತ್ತದೆ ಅಂದುಕೊಳ್ಳಬೇಡಿ. ಮಂಚಕ್ಕೆ ಪೂರ್ತಿ ಪ್ಲೈವುಡ್ ಹೊಡೆಸಿ ಅದರ ಮೇಲೆ ಫೋಮ್ ಹಾಕಿದ ಮಲೆನಾಡಿನ ಮನೆಗಳಲ್ಲಿ ಒಮ್ಮೆ ಹಾಸಿಗೆ ಎತ್ತಿ ಕೆಳಗೆ ನೋಡಿ. ಕಪ್ಪು ಚುಕ್ಕೆ ಚುಕ್ಕೆಯಾಗಿ ಬೂಸಲು ಕೂತಿರುತ್ತದೆ.

ಹಾಗಾಗಿ ಮೊದಲು ಮಂಚ ಸರಿಮಾಡಿ. ಪ್ಲೈವುಡ್ ತೆಗೆಸಿ ಅಡ್ಡಪಟ್ಟಿ ಹಾಕಿಸಿ, ಪಟ್ಟಿಗೂ ಪಟ್ಟಿಗೂ ಎರಡರಿಂದ ಮೂರು ಇಂಚು ಬಿಡಿ, ಅದಕ್ಕಿಂತ ಜಾಸ್ತಿ ಬಿಟ್ಟರೆ ಹಾಸಿಗೆ ಕೆಳಗೆ ಇಳಿಯುತ್ತದೆ. ಪಟ್ಟಿ ಹಾಕಿಸಲು ಆಗದಿದ್ದರೆ ಇರುವ ಪ್ಲೈವುಡ್‌ಗೇ ಅಲ್ಲಲ್ಲಿ ತೂತು ಕೊರೆಸಿ. ಮಂಚವನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಈಚೆ ಎಳೆಯಿರಿ. ಬೆಳಿಗ್ಗೆ ಎದ್ದ ತಕ್ಷಣ ಬೆಡ್‌ಸ್ಪ್ರೆಡ್ ಹೊದಿಸಿ ಅಚ್ಚುಕಟ್ಟು ಮಾಡುವ ಅಭ್ಯಾಸ ಇದೆಯಲ್ಲ, ಅದನ್ನು ಮಳೆಗಾಲದಲ್ಲಿ ಬಿಡಿ. ಒಂದು ಗಂಟೆ ಹೊದಿಕೆ ಸರಿಸಿ ಫ್ಯಾನ್ ಹಾಕಿ ಹಾಸಿಗೆಗೆ ಗಾಳಿ ಕೊಡಿ. ನಡುವೆ ಒಂದು ದಿನ ಬಿಸಿಲು ಬಂದರೂ ಬಿಡಬೇಡಿ. ಜಗಲಿ ಅಂಚಿಗಾದರೂ ಎಳೆದು ಎರಡೂ ಮಗ್ಗುಲು ಕಾಯಿಸಿ.

ಗಂಟಾಗಿರುವುದಕ್ಕೆ ಮಳೆ ಮುಗಿದ ಮೇಲೆ ಅರಳೆ ಹಿಂಜಿಸಿ. ಹಿಂದೆ ಪಿಂಜಾರರು ಬಿಲ್ಲು ಹಿಡಿದು ಮನೆ ಬಾಗಿಲಿಗೇ ಬರುತ್ತಿದ್ದರು. ಈಗ ತಾಲ್ಲೂಕು ಊರುಗಳಲ್ಲಿ ಮೆಷಿನ್ ಇಟ್ಟುಕೊಂಡವರು ಸಿಗುತ್ತಾರೆ. ಅರಳೆ ಬಿಚ್ಚಿ, ಧೂಳು ಹಾರಿಸಿ, ಕಡಿಮೆ ಬಿದ್ದಷ್ಟು ಹೊಸದು ಸೇರಿಸಿ, ಹೊಸ ಬಟ್ಟೆಯೊಳಗೆ ತುಂಬಿ, ಅಲ್ಲಲ್ಲಿ ದಾರ ಹಾಕಿ ಬಿಗಿದು ಕೊಡುತ್ತಾರೆ. ಎದುರಿಗೇ ನಿಂತು ಮಾಡಿಸಿ, ನಿಮ್ಮ ಅರಳೆ ನಿಮಗೇ ಬರಬೇಕು. ಹಳೇ ಬಟ್ಟೆ ಚಿಂದಿಯಿಂದ ತೆಗೆದ ಬಣ್ಣಬಣ್ಣದ ಹತ್ತಿ ಬೆರೆಸಲು ಬಂದರೆ ಬೇಡ ಅನ್ನಿ, ಅದು ಆರು ತಿಂಗಳಿಗೇ ಗಂಟಾಗುತ್ತದೆ.

ನಿಮ್ಮ ಕಡೆ ಬೂರುಗದ ಅರಳೆ ಸಿಕ್ಕರೆ ದಿಂಬಿಗೆ ಅದನ್ನೇ ಹಾಕಿಸಿ. ಅದರ ಎಳೆ ಒಳಗೆ ಟೊಳ್ಳು, ಮೇಲೆ ಮೇಣದಂಥ ಪದರ, ನೀರು ಅಂಟುವುದಿಲ್ಲ. ಹಿಂದೆ ಹಡಗಿನವರ ತೇಲುವ ಜಾಕೆಟ್‌ಗಳಿಗೆ ಇದನ್ನೇ ತುಂಬುತ್ತಿದ್ದರು. ತೊಳೆಯಲು ಆಗುವುದಿಲ್ಲ, ಬೆಂಕಿ ಬೇಗ ಹಿಡಿಯುತ್ತದೆ, ದೀಪ, ಸೊಳ್ಳೆಬತ್ತಿಯಿಂದ ದೂರ ಇಡಿ.

ಮಗನಿಗೆ ಫೋಮೇ ಬೇಕೆಂದರೆ ಅವನ ಕೋಣೆಗೆ ಒಂದು ತರಲಿ, ಅಥವಾ ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ ಮಾಡಿದ ಕಾಯರ್ ಹಾಸಿಗೆ ನೋಡಲಿ. ನಾರಿನ ನಡುವೆ ಗಾಳಿ ಆಡುತ್ತದೆ, ಕರಾವಳಿ ಮಲೆನಾಡಿಗೆ ಒಗ್ಗುತ್ತದೆ. ಒಂದೇ ಕಡೆ ಮಲಗಿದರೆ ಬೇಗ ಗುಂಡಿ ಬೀಳುವುದು ಅದರ ದೋಷ. ಮೂರು ತಿಂಗಳಿಗೊಮ್ಮೆ ತಲೆ ಕಡೆಯದನ್ನು ಕಾಲ ಕಡೆಗೆ ತಿರುಗಿಸಬೇಕು. ಫೋಮ್, ರಬ್ಬರ್ ಹಾಸಿಗೆಗಳನ್ನು ಹತ್ತಿಯ ಹಾಗೆ ಕಡುಬಿಸಿಲಿಗೆ ಹಾಕಬೇಡಿ, ಪುಡಿಪುಡಿಯಾಗುತ್ತವೆ. ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು.

ದಿನಾ ಕಂಪ್ಯೂಟರ್ ಮುಂದೆ ಕೆಲಸ. ಬೆಳಿಗ್ಗೆ ಕತ್ತು ತಿರುಗಿಸಲು ಆಗುವುದಿಲ್ಲ. ಎರಡು ದಿಂಬು ಇಟ್ಟುಕೊಂಡು ಮಲಗುತ್ತೇನೆ. ಸರ್ವೈಕಲ್ ದಿಂಬು ಅಂತ ಬರುತ್ತದಲ್ಲ, ತಗೊಳ್ಳಲಾ?
— ಐಟಿ ಉದ್ಯೋಗಿ, ಮೈಸೂರು

ಮೊದಲು ಇವತ್ತೇ ಒಂದು ದಿಂಬು ತೆಗೆದುಬಿಡಿ. ಇಡೀ ದಿನ ಕತ್ತು ಮುಂದೆ ಬಾಗಿಸಿ ಕೂತವರು ರಾತ್ರಿಯೂ ಎರಡು ದಿಂಬಿನ ಮೇಲೆ ಅದೇ ಭಂಗಿಯಲ್ಲಿ ಮಲಗಿದರೆ ಕತ್ತಿಗೆ ಬಿಡುವು ಯಾವಾಗ ಸಿಗಬೇಕು?

ಮಗ್ಗುಲಾಗಿ ಮಲಗುತ್ತೀರಾದರೆ ಗೋಡೆಗೆ ಭುಜ ತಾಗಿಸಿ ನೇರ ನಿಂತು, ಕಿವಿಯ ಮೇಲ್ಭಾಗದಿಂದ ಗೋಡೆಗೆ ಎಷ್ಟು ಅಂತರ ಇದೆ ಎಂದು ಅಳೆಸಿ. ದಿಂಬು ತಲೆಯ ಭಾರಕ್ಕೆ ಅಮುಕಿದ ಮೇಲೆ ಹೆಚ್ಚುಕಮ್ಮಿ ಅಷ್ಟು ಎತ್ತರ ಉಳಿಯಬೇಕು. ಹಾಸಿಗೆ ಮೆತ್ತಗಿದ್ದರೆ ಭುಜ ಒಳಗೆ ಇಳಿಯುತ್ತದೆ, ಆಗ ಸ್ವಲ್ಪ ಕಡಿಮೆ ಎತ್ತರ ಸಾಕು. ಅಂಗಾತ ಮಲಗುವವರಿಗೆ ಇನ್ನೂ ತಗ್ಗಿನದು, ಕತ್ತಿನ ಬಾಗಿಗೆ ಮಾತ್ರ ಆಸರೆ ಕೊಟ್ಟರೆ ಸಾಕು. ಬೋರಲು ಮಲಗುವವರಿಗೆ ದಿಂಬು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಆ ಭಂಗಿಯಲ್ಲಿ ಕತ್ತು ಗಂಟೆಗಟ್ಟಲೆ ಒಂದೇ ಕಡೆ ತಿರುಚಿರುತ್ತದೆ, ನಿಧಾನಕ್ಕೆ ಬಿಡುವುದು ವಾಸಿ.

ಅಲೆ ಆಕಾರದ ಆ ದಿಂಬು ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಎರಡನೇ ರಾತ್ರಿಯೇ ಬೇಡ ಅನ್ನಿಸುತ್ತದೆ. ಅದರ ಎತ್ತರವನ್ನು ನೀವು ಬದಲಾಯಿಸಲು ಆಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಅದಕ್ಕೇ ನನಗೆ ಅರಳೆ ತುಂಬಿದ ದಿಂಬೇ ಇಷ್ಟ. ಒಂದು ಬದಿಗೆ ಜಿಪ್ ಹಾಕಿಸಿಕೊಳ್ಳಿ, ಜಾಸ್ತಿ ಅನ್ನಿಸಿದರೆ ಎರಡು ಹಿಡಿ ತೆಗೆಯಿರಿ, ಒಂದು ವಾರ ಮಲಗಿ ನೋಡಿ, ಬೇಕಾದರೆ ಮತ್ತೆ ಒಂದು ಹಿಡಿ ಸೇರಿಸಿ. ಫೈಬರ್ ದಿಂಬಾದರೆ ಅರ್ಧಕ್ಕೆ ಮಡಚಿ ಕೈ ಬಿಡಿ. ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಕಾಲ ಮುಗಿಯಿತು.

ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಹೋದ ವರ್ಷ ಸಾಲ ಮಾಡಿ ಮೆಮೊರಿ ಫೋಮ್ ಗಾದಿ ತಂದೆವು. ಬೆನ್ನು ಬೆಂಕಿ ಆಗ್ತದೆ. ನಡುರಾತ್ರಿ ಎದ್ದು ನೆಲಕ್ಕೆ ಬರ್ತೀವಿ. ಏನಾದ್ರೂ ದಾರಿ ಇದೆಯಾ?
— ಶಿಕ್ಷಕರು, ಕಲಬುರಗಿ

ಇದೆ, ಗಾದಿ ಮಾರುವ ಅಗತ್ಯ ಇಲ್ಲ. ಮೆಮೊರಿ ಫೋಮ್ ಮೈಶಾಖಕ್ಕೆ ಮೆತ್ತಗಾಗಿ ಮೈಯನ್ನು ಸುತ್ತ ಅಪ್ಪಿಕೊಳ್ಳುವ ಹಾಗೆ ಮಾಡಿರುವ ವಸ್ತು. ಅದು 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಸೀಟುಗಳಿಗೆ ಎಂದು ಹುಟ್ಟಿದ್ದು. ನಿದ್ದೆ ಹತ್ತಬೇಕೆಂದರೆ ಮೈಯೊಳಗಿನ ಶಾಖ ಸುಮಾರು ಒಂದು ಡಿಗ್ರಿಯಷ್ಟು ಇಳಿಯಬೇಕು, ಆ ಶಾಖ ಚರ್ಮದ ಮೂಲಕ ಹೊರಗೆ ಹೋಗಬೇಕು. 40 ಡಿಗ್ರಿ ದಾಟುವ ಊರಲ್ಲಿ ಬೆನ್ನಿನ ಕೆಳಗೆ ಗಾಳಿಯೇ ಆಡದಿದ್ದರೆ ಅದು ಎಲ್ಲಿಗೆ ಹೋದೀತು?

ಗಾದಿ ಮೇಲೆ ಪ್ಲಾಸ್ಟಿಕ್ ಪದರದ ವಾಟರ್‌ಪ್ರೂಫ್ ಕವರ್ ಇದ್ದರೆ ಮೊದಲು ತೆಗೆಯಿರಿ. ಅದರ ಜಾಗದಲ್ಲಿ ಎರಡು ಇಂಚಿನ ತೆಳು ಹತ್ತಿ ಗಾದಿ ಹೊಲಿಸಿ ಹಾಸಿ. ಅದೂ ಖರ್ಚು ಅನ್ನಿಸಿದರೆ ದಪ್ಪ ಹತ್ತಿಯ ಜಮಖಾನ ಸಾಕು. ನಮ್ಮ ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಒಂದು ಕೊಂಡರೆ ಬಹಳ ವರ್ಷ ಬಾಳುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಈಚಲು ಚಾಪೆ ಹಾಸಿ ಮಾಳಿಗೆ ಮೇಲೆ ಮಲಗುವ ಅನುಕೂಲ ಇದ್ದರೆ ಅದಕ್ಕಿಂತ ಸುಖ ಬೇರೆ ಇಲ್ಲ, ಸೊಳ್ಳೆ ಪರದೆ ಮರೆಯಬೇಡಿ.

ಬೆಡ್‌ಶೀಟ್ ಕೂಡ ನೋಡಿ. "ಗ್ಲೇಸ್ ಕಾಟನ್" ಎಂದು ಸಂತೆಯಲ್ಲಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವುದು ಹೆಸರಲ್ಲಿ ಕಾಟನ್ ಆದರೂ ಬಹಳ ಸಲ ಪಾಲಿಯೆಸ್ಟರ್. ಅಂಚಿನಿಂದ ಒಂದು ದಾರ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕ್ ಹತ್ತಿರ ಬೆಂಕಿ ಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ, ತುದಿಯಲ್ಲಿ ಗಟ್ಟಿ ಕರಿಮಣಿ ಕಟ್ಟುತ್ತದೆ. ಥ್ರೆಡ್ ಕೌಂಟ್ 1000 ಎಂದು ಬರೆದಿದ್ದರೆ ಮರುಳಾಗಬೇಡಿ. ಒಂದು ಚದರ ಇಂಚಿನಲ್ಲಿ ಎಷ್ಟು ಎಳೆ ಎಂಬ ಲೆಕ್ಕ ಅದು. ಒಂದೇ ದಾರದೊಳಗೆ ಹೊಸೆದ ಎರಡು ಮೂರು ಎಳೆಗಳನ್ನೂ ಬೇರೆ ಬೇರೆ ಎಣಿಸಿ ಆ ಸಂಖ್ಯೆ ಏರಿಸುತ್ತಾರೆ. ನಿಮ್ಮ ಊರಿಗೆ 180ರಿಂದ 300ರ ಒಳಗಿನ ಸಾದಾ ನೇಯ್ಗೆಯ ಪೂರ್ತಿ ಹತ್ತಿ ಸಾಕು. ಸ್ಯಾಟಿನ್ ನೇಯ್ಗೆ ನುಣುಪು, ಆದರೆ ಮೈಗೆ ಅಂಟುತ್ತದೆ. ಖಾದಿ ಭಂಡಾರದ, ಕೈಮಗ್ಗದ ಶೀಟ್‌ಗಳು ಮೊದಲು ಒರಟು ಅನ್ನಿಸಿದರೂ ನಾಲ್ಕು ಸಲ ಒಗೆದ ಮೇಲೆ ಬಿಟ್ಟಿರಲು ಮನಸ್ಸಾಗುವುದಿಲ್ಲ.

ಮಗುವಿಗೆ ಎರಡು ತಿಂಗಳು. ತಲೆ ಗುಂಡಗಾಗಲಿ ಅಂತ ಅತ್ತೆ ಸಾಸಿವೆ ದಿಂಬು ಮಾಡಿದ್ದಾರೆ. ಅಮ್ಮ ರಾಗಿ ದಿಂಬು ಒಳ್ಳೆಯದು ಅಂತಾರೆ. ಯಾವುದು ಸರಿ?
— ಬಾಣಂತಿ, ಚನ್ನಪಟ್ಟಣ

ಎರಡೂ ಬೇಡ. ಇದರಲ್ಲಿ ಮಾತ್ರ ನಾನು ಹಿರಿಯರ ಪರ ನಿಲ್ಲುವುದಿಲ್ಲ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಯಾವ ದಿಂಬೂ ಬೇಡ ಎಂದೇ ಮಕ್ಕಳ ಡಾಕ್ಟರುಗಳು ಹೇಳುವುದು. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರುವ ಹತ್ತಿ ಬಟ್ಟೆ, ಅಂಗಾತ ಮಲಗಿಸುವುದು, ಅಷ್ಟೇ. ದಿಂಬಾಗಲಿ, ಮೆತ್ತನೆ ರಗ್ಗಾಗಲಿ, ಬೊಂಬೆಯಾಗಲಿ ಪಕ್ಕದಲ್ಲಿ ಇರಬಾರದು. ಮುಖಕ್ಕೆ ಅಡ್ಡ ಬಂದರೆ ಸರಿಸಿಕೊಳ್ಳುವ ಶಕ್ತಿ ಆ ಕಂದನಿಗೆ ಇಲ್ಲ. ದಿಂಬಿನಿಂದ ಗದ್ದ ಎದೆಗೆ ಬಾಗಿದರೂ ಉಸಿರು ಕಟ್ಟಬಹುದು. ಜೋಲಿಯಲ್ಲಿ ನಿದ್ದೆ ಹೋದರೂ ಎತ್ತಿ ಸಮತಟ್ಟು ಜಾಗಕ್ಕೆ ಮಲಗಿಸಿ.

ತಲೆ ಆಕಾರಕ್ಕೆ, ಮಗು ಎಚ್ಚರ ಇದ್ದಾಗ ನಿಮ್ಮ ಕಣ್ಣೆದುರೇ ಸ್ವಲ್ಪ ಹೊತ್ತು ಹೊಟ್ಟೆ ಮೇಲೆ ಮಲಗಿಸಿ ಆಡಿಸಿ, ಮಲಗಿಸುವಾಗ ತಲೆಯನ್ನು ಒಂದು ದಿನ ಈ ಕಡೆ, ಒಂದು ದಿನ ಆ ಕಡೆ ತಿರುಗಿಸಿ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿ ಸರಿಹೋಗುತ್ತದೆ. ಒಂದೇ ಕಡೆ ತೀರಾ ಚಪ್ಪಟೆ ಕಂಡರೆ ಲಸಿಕೆಗೆ ಹೋದಾಗ ಡಾಕ್ಟರಿಗೆ ತೋರಿಸಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ಪ್ರೀತಿಯಿಂದಲೇ ಹೊಲಿದಿದ್ದಾರೆ. ಡಾಕ್ಟರ್ ಬಾಯಿಂದ ಕೇಳಿದರೆ ಮನೆಯಲ್ಲಿ ಮಾತು ಬೆಳೆಯುವುದಿಲ್ಲ.

ಅಕ್ಕ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ತಿಗಣೆ ಕಾಟ. ಬೆಳಿಗ್ಗೆ ಕೈಮೇಲೆ ಸಾಲಾಗಿ ದದ್ದು. ಹಾಸಿಗೆ ಬಿಸಿಲಿಗೆ ಹಾಕಿದೆ, ಸ್ಪ್ರೇ ಹೊಡೆದೆ, ಹೋಗಲೇ ಇಲ್ಲ. ಊರಿಗೆ ಹೋಗಲೂ ಭಯ.
— ವಿದ್ಯಾರ್ಥಿ, ಬೆಂಗಳೂರು

ಇದರಲ್ಲಿ ನಿನ್ನ ಕೊಳಕುತನ ಏನೂ ಇಲ್ಲ ತಮ್ಮಾ, ಮೊದಲು ಆ ನಾಚಿಕೆ ಬಿಡು. ತಿಗಣೆ ಸ್ವಚ್ಛ ಕೋಣೆಗೂ ಬರುತ್ತದೆ, ಬ್ಯಾಗಿನಲ್ಲಿ, ಸೆಕೆಂಡ್ ಹ್ಯಾಂಡ್ ಮಂಚದಲ್ಲಿ, ಪಕ್ಕದ ಕೋಣೆಯ ಗೋಡೆಬಿರುಕಿನಲ್ಲಿ. ಅದರ ಕಡಿತದಿಂದ ರೋಗ ಹರಡಿದ್ದು ಕಂಡುಬಂದಿಲ್ಲ, ಆದರೆ ನಿದ್ದೆ ಹಾಳಾಗುತ್ತದಲ್ಲ, ಅದೇ ದೊಡ್ಡ ಹಿಂಸೆ.

ರಾತ್ರಿ ಟಾರ್ಚ್ ಹಿಡಿದು ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿಂದ ಬಿಡಿಸಿ ನೋಡು. ಶಾಯಿ ಚುಕ್ಕಿಯಂಥ ಕಪ್ಪು ಕಲೆ, ತೆಳು ಕಂದು ಪೊರೆ, ಬಿಳಿ ಮೊಟ್ಟೆ ಕಂಡರೆ ಅಲ್ಲೇ ಗೂಡು. ಮಂಚದ ಸ್ಕ್ರೂ ತೂತು, ಹಲಗೆ ಸಂದು, ಗೋಡೆಯ ಸ್ವಿಚ್‌ಬೋರ್ಡ್ ಸುತ್ತ ಕೂಡ ನೋಡಬೇಕು. ಬಿಸಿಲಿಗೆ ಹಾಕಿದಾಗ ಹಾಸಿಗೆಯ ಮೇಲ್ಮೈ ಮಾತ್ರ ಕಾಯುತ್ತದೆ, ಅವು ಒಳಗೆ ಸರಿದು ಬದುಕಿಕೊಳ್ಳುತ್ತವೆ. ರಕ್ತ ಸಿಗದೆ ತಿಂಗಳುಗಟ್ಟಲೆ ಇರಬಲ್ಲವು, ಹಾಗಾಗಿ ರಜೆಗೆ ಕೋಣೆ ಖಾಲಿ ಬಿಟ್ಟರೂ ಸಾಯುವುದಿಲ್ಲ. ಅಂಗಡಿಯ ಸ್ಪ್ರೇಗಳಿಗೆ ಬಹಳಷ್ಟು ತಿಗಣೆಗಳು ಒಗ್ಗಿಹೋಗಿವೆ. ಮಲಗುವ ಹಾಸಿಗೆಗೆ ಮನಸ್ಸಿಗೆ ಬಂದ ಹಾಗೆ ವಿಷ ಹೊಡೆದರೆ ಅದು ನಿನ್ನ ಮೈಗೇ ತಾಗುತ್ತದೆ. ಸೀಮೆಎಣ್ಣೆಯಂತೂ ಬೇಡವೇ ಬೇಡ.

ಬಟ್ಟೆ, ಬೆಡ್‌ಶೀಟ್, ದಿಂಬಿನ ಕವರ್ ಎಲ್ಲ 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಒಗೆಸು, ಡ್ರೈಯರ್ ಇರುವ ಲಾಂಡ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಸಿಗೆಗೆ ಆರೂ ಕಡೆಯಿಂದ ಮುಚ್ಚುವ ಜಿಪ್ ಕವರ್ ಹಾಕಿ ಜಿಪ್ ತೆಗೆಯದೆ ಬಿಟ್ಟುಬಿಡು. ಮಂಚ ಗೋಡೆಗೆ ತಾಗಬಾರದು, ಹೊದಿಕೆ ನೆಲಕ್ಕೆ ಇಳಿಯಬಾರದು. ಉಳಿದದ್ದು ಒಬ್ಬನಿಂದ ಆಗುವ ಕೆಲಸ ಅಲ್ಲ. ಅಕ್ಕಪಕ್ಕದ ಕೋಣೆಯವರನ್ನು ಸೇರಿಸಿಕೊಂಡು ಪಿಜಿ ಮಾಲೀಕರ ಹತ್ತಿರ ಹೋಗಿ, ಇಡೀ ಮಹಡಿಗೆ ಪೆಸ್ಟ್ ಕಂಟ್ರೋಲ್ ಮಾಡಿಸಲು ಕೇಳಿ. ಒಂದೇ ಸಲ ಮಾಡಿಸಿದರೆ ಸಾಲದು. ಮೊಟ್ಟೆಗಳು ಆರರಿಂದ ಹತ್ತು ದಿನಕ್ಕೆ ಒಡೆಯುತ್ತವೆ, ಎರಡು ವಾರ ಬಿಟ್ಟು ಮತ್ತೆ ಮಾಡಿಸಲೇಬೇಕು. ಬಾಡಿಗೆ ಕೊಡುತ್ತಿದ್ದೀರಿ, ಮಲಗಲು ಯೋಗ್ಯ ಜಾಗ ಕೇಳುವುದು ನಿಮ್ಮ ಹಕ್ಕು. ಊರಿಗೆ ಹೋದಾಗ ಬ್ಯಾಗನ್ನು ಮನೆಯೊಳಗೆ ಬಿಚ್ಚಬೇಡ, ಹೊರಗೇ ಬಿಚ್ಚಿ ಬಟ್ಟೆ ನೇರ ಬಿಸಿನೀರಿಗೆ ಹಾಕು.

ಅಪ್ಪ ಪಾರ್ಶ್ವವಾಯು ಆಗಿ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಬೆನ್ನ ಕೆಳಗೆ ಕೆಂಪಾಗಿದೆ. ಗಾಳಿ ಹಾಸಿಗೆ ತಂದರೆ ಸಾಕಾ?
— ಮಗಳು, ಅರಕಲಗೂಡು

ತನ್ನಿ, ಆದರೆ ಅದೊಂದೇ ಸಾಲದು. ಆ ಕೆಂಪು ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ, ಈ ವಾರವೇ ಡಾಕ್ಟರಿಗೆ ತೋರಿಸಿ. ಮೈ ಕಪ್ಪಿದ್ದರೆ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಿ.

ಗಾಳಿ ಹಾಸಿಗೆಯಲ್ಲಿ ಚಿಕ್ಕ ಮೋಟಾರ್ ಇದ್ದು ಗುಳ್ಳೆಗಳು ಸರದಿಯಲ್ಲಿ ಉಬ್ಬಿ ಇಳಿಯುತ್ತವೆ, ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ಅದನ್ನು ಮಾಮೂಲಿ ಹಾಸಿಗೆಯ ಮೇಲೆ ಹಾಸಿ, ಅದರ ಮೇಲೆ ಒಂದೇ ತೆಳು ಹತ್ತಿ ಶೀಟ್ ಹಾಕಿ. ಮೆತ್ತಗಿರಲಿ ಎಂದು ರಗ್ಗು ಮಡಚಿ ಹಾಕಿದರೆ ಗುಳ್ಳೆಯ ಕೆಲಸವೇ ನಿಂತುಹೋಗುತ್ತದೆ. ಕರೆಂಟ್ ಹೋದಾಗ ಗಾಳಿ ಇಳಿಯುತ್ತದೆ, ನಿಮ್ಮ ಕಡೆ ಕರೆಂಟ್ ಹೇಗೆ ಎಂದು ನೋಡಿ ಇನ್ವರ್ಟರ್‌ಗೆ ಸೇರಿಸಿ. ಏನೇ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲೇಬೇಕು. ಪೂರ್ತಿ ಅಡ್ಡ ತಿರುಗಿಸದೆ, ಬೆನ್ನಿಗೆ ಒಂದು ದಿಂಬು ಕೊಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಎತ್ತಿಡಿ. ಶೀಟಿನಲ್ಲಿ ಒಂದು ಸುಕ್ಕೂ ಇರಬಾರದು, ಒದ್ದೆಯಾದರೆ ಆಗಲೇ ಬದಲಾಯಿಸಿ. ಕೆಂಪಾದ ಜಾಗ ತಿಕ್ಕಬೇಡಿ, ಟ್ಯೂಬಿನಂಥ ದುಂಡು ಕುಶನ್ ಇಡಬೇಡಿ, ಅದರ ಅಂಚೇ ರಕ್ತ ಓಡಾಟ ತಡೆಯುತ್ತದೆ.

ರಾತ್ರಿಯಿಡೀ ನೀವೊಬ್ಬರೇ ಎದ್ದರೆ ನಿಮ್ಮ ಆರೋಗ್ಯ ಕೆಡುತ್ತದೆ. ಮನೆಯವರೆಲ್ಲ ಸರದಿ ಹಂಚಿಕೊಳ್ಳಿ, ಗಂಡಸರೂ ಸೇರಿ.

ಅತ್ತೆ ತೀರಿಕೊಂಡ ಮೇಲೆ ಅವರು ಹೊಲಿದ ನಾಲ್ಕು ಕೌದಿ, ಒಂದು ಕರಿ ಕಂಬಳಿ ನನ್ನ ಪಾಲಿಗೆ ಬಂದಿವೆ. ನಾವಿರುವುದು ಫ್ಲಾಟಿನಲ್ಲಿ. ಕೌದಿ ಒಗೆಯೋದೇ ಕಷ್ಟ, ಕಂಬಳಿ ಚುಚ್ಚುತ್ತದೆ. ಮಕ್ಕಳಿಗೆ ಮೆತ್ತನೆ ಬ್ಲಾಂಕೆಟ್ ಇಷ್ಟ. ಏನು ಮಾಡಲಿ?
— ಗದಗ ಮೂಲದ ಓದುಗರು, ಪುಣೆ

ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ಆ ಕೌದಿಯ ಒಂದು ಮೂಲೆ ಕೈಗೆತ್ತಿಕೊಂಡು ನೋಡಿ. ಮೇಲೆ ಇಳಕಲ್ ಸೀರೆಯ ತುಂಡೋ, ಒಳಗೆ ಮಾವನವರ ಧೋತರವೋ, ನಡುವೆ ಯಾವುದೋ ಮಗುವಿನ ಅಂಗಿಯೋ ಇರುತ್ತದೆ. ಅದರ ಮೇಲೆ ಬೆರಳ ತುದಿಯಷ್ಟು ಅಂತರದಲ್ಲಿ ಸಾಲುಸಾಲು ಕೈಹೊಲಿಗೆ. ಒಂದು ಕೌದಿ ಮುಗಿಯಲು ಮಧ್ಯಾಹ್ನಗಳು ಎಷ್ಟು ಬೇಕಾಗಿದ್ದವೋ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಹೀಗೇ ಹೊಲಿಯುತ್ತಾರೆ. ಅವರು ಕವಂದಿ ಅನ್ನುತ್ತಾರೆ, ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಬರುತ್ತಾರೆ, ಮೂಲೆಗೆ ಬಟ್ಟೆ ಮಡಚಿ ಹೂ ಇಡುತ್ತಾರೆ. ಹೊರದೇಶದ ಜನ ಅವನ್ನು ಗೋಡೆಗೆ ತೂಗುಹಾಕುತ್ತಾರೆ.

ಬಳಕೆಯ ಮಾತಿಗೆ ಬಂದರೆ, ಮೆತ್ತನೆ ಬ್ಲಾಂಕೆಟ್ ಬಹುಪಾಲು ಪಾಲಿಯೆಸ್ಟರ್, ಬೇಗ ಬಿಸಿ ಮಾಡುತ್ತದೆ, ಬೆವರು ಹೀರುವುದಿಲ್ಲ, ಮಕ್ಕಳು ನಡುರಾತ್ರಿ ಒದ್ದು ಕೆಳಗೆ ಹಾಕುತ್ತಾರೆ. ಕೌದಿಯ ಪದರಗಳು ಹತ್ತಿ, ನಡುವೆ ಗಾಳಿ ಹಿಡಿದಿಡುತ್ತವೆ, ಬೆವರನ್ನೂ ಕುಡಿಯುತ್ತವೆ. ಪುಣೆಯ ಚಳಿಗಾಲಕ್ಕೆ ಸಾಕು. ಅದಕ್ಕೆ ಹತ್ತಿ ದುಪ್ಪಟಿಯ ಕವರ್ ಹೊಲಿಸಿ, ಕವರ್ ವಾರಕ್ಕೊಮ್ಮೆ ಒಗೆಯಿರಿ, ಕೌದಿ ವರ್ಷಕ್ಕೆ ಎರಡು ಸಲ ಒಗೆದರೆ ನಡೆಯುತ್ತದೆ. ಮನೆಯ ಮೆಷಿನ್‌ಗೆ ತುರುಕಬೇಡಿ, ಒದ್ದೆ ಕೌದಿಯ ಭಾರಕ್ಕೆ ಮೆಷಿನ್ನೂ ಹೋಗುತ್ತದೆ, ಹಳೇ ಹೊಲಿಗೆಯೂ ಕೀಳುತ್ತದೆ. ದೊಡ್ಡ ಮೆಷಿನ್ ಇರುವ ಲಾಂಡ್ರಿಗೆ ಕೊಡಿ, ಅಥವಾ ಊರಿಗೆ ಹೋದಾಗ ಒಯ್ದು ಒಗೆಸಿ ತನ್ನಿ. ಬಣ್ಣ ಬಿಡುವ ತುಂಡು ಇದೆಯಾ ಎಂದು ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ತೀರಾ ಹರಿದದ್ದು ಇದ್ದರೆ ಹಾಸಿಗೆ ಮೇಲೆ, ಬೆಡ್‌ಶೀಟ್ ಕೆಳಗೆ ಹಾಸಿ, ಹಾಸಿಗೆಯೂ ಚೊಕ್ಕ ಇರುತ್ತದೆ.

ಕಂಬಳಿ ಚುಚ್ಚುವುದು ಸಹಜ. ದಖ್ಖನಿ ಕುರಿಯ ಉಣ್ಣೆ ಒರಟು, ನೇಯುವಾಗ ಹುಣಸೆ ಬೀಜದ ಗಂಜಿ ಬೇರೆ ಹಚ್ಚುತ್ತಾರೆ. ಚಳ್ಳಕೆರೆ ಕಡೆಯ ಕಂಬಳಿಗಳಿಗೆ ಆ ಬಿರುಸು ಬರುವುದು ಅದರಿಂದಲೇ. ಮೈಗೆ ಹತ್ತಿ ದುಪ್ಪಟಿ, ಅದರ ಮೇಲೆ ಕಂಬಳಿ ಹೊದೆಯಿರಿ. ಪದೇ ಪದೇ ಒಗೆಯಬೇಡಿ, ಬಿಸಿನೀರು ತಾಗಿಸಬೇಡಿ, ಮುದುಡಿಬಿಡುತ್ತದೆ. ಕೊಡವಿ ಬಿಸಿಲಿಗೆ ಹಾಕಿ, ಒಣ ಬೇವಿನೆಲೆ ಇಟ್ಟು ಮಡಚಿಡಿ, ಎರಡು ತಿಂಗಳಿಗೊಮ್ಮೆ ಬಿಚ್ಚಿ ನುಸಿ ಬಂದಿದೆಯಾ ನೋಡಿ.

ಬೆಡ್‌ಶೀಟ್ ಎಷ್ಟು ದಿನಕ್ಕೆ ಬದಲಾಯಿಸಬೇಕು? ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು.
— ಶಿವಮೊಗ್ಗ

ವಾರಕ್ಕೊಮ್ಮೆ. ಬೆಳಗಿನ ಸೀನಿಗೆ ಹಾಸಿಗೆಯ ಧೂಳುಹುಳು ಕಾರಣ ಇರಬಹುದು. ಅವು ಕಣ್ಣಿಗೆ ಕಾಣುವುದಿಲ್ಲ, ನಮ್ಮ ಮೈಯಿಂದ ಉದುರಿದ ಹೊಟ್ಟು ತಿಂದು ತೇವದಲ್ಲಿ ಬೆಳೆಯುತ್ತವೆ. ಶೀಟ್, ದಿಂಬಿನ ಕವರ್ ಬಿಸಿನೀರಿನಲ್ಲಿ, 55ರಿಂದ 60 ಡಿಗ್ರಿ, ಒಗೆಯಿರಿ. ದಿಂಬಿಗೆ ಒತ್ತು ನೇಯ್ಗೆಯ ಒಳಕವರ್ ಹಾಕಿ. ಮಂಚದ ಮೇಲಿನ ತುಪ್ಪಟದ ಬೊಂಬೆಗಳನ್ನು ಕಪಾಟಿಗೆ ಸೇರಿಸಿ. ತಿಂಗಳಾದರೂ ನಿಲ್ಲದಿದ್ದರೆ ಅಲರ್ಜಿ ಡಾಕ್ಟರಿಗೆ ತೋರಿಸಿ.

ಮಗ 6 ಅಡಿ 2 ಇಂಚು. ಮಂಚದಿಂದ ಕಾಲು ಆಚೆ ಬರುತ್ತದೆ. ಎಷ್ಟು ಉದ್ದದ ಹಾಸಿಗೆ ಬೇಕು?
— ಹಾವೇರಿ

ನಿಮ್ಮಲ್ಲಿರುವುದು 72 ಇಂಚಿನದು ಇರಬೇಕು, ಅಂದರೆ ಸರಿಯಾಗಿ 6 ಅಡಿ. ಅವನಿಗೆ 78 ಇಂಚಿನದೇ ಬೇಕು, ಅದು ಅಂಗಡಿಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅದೂ ನಾಲ್ಕೇ ಇಂಚು ಹೆಚ್ಚಾದೀತು, ಆರಾಮ ಬೇಕೆಂದರೆ 80 ಅಥವಾ 82 ಇಂಚಿಗೆ ಹೇಳಿ ಮಾಡಿಸಿ. ಹಾಸಿಗೆಗೆ ಆರ್ಡರ್ ಕೊಡುವ ಮೊದಲು ಮಂಚದ ಒಳಗಿನ ಅಳತೆ ತೆಗೆಯಿರಿ, ತಲೆ ಕಡೆಯ ಹಲಗೆಯಿಂದ ಕಾಲ ಕಡೆಯ ಹಲಗೆವರೆಗೆ. ಕಾಲ ಕಡೆಯ ಹಲಗೆಯನ್ನು ಬಡಗಿಯಿಂದ ತೆಗೆಸಿ ಎರಡು ಕಾಲು ಸೇರಿಸಿದರೆ ಹೊಸ ಮಂಚದ ಖರ್ಚು ಉಳಿಯಬಹುದು, ಅವರನ್ನೇ ಕರೆದು ಒಮ್ಮೆ ತೋರಿಸಿ.